ವ್ಯಾನಿನಲ್ಲೊಂದು ಸೀಟು

ಬೀದಿಯ ಜನ ಅವಳಿಗೆ ಗಂಜಿಯಕ್ಕ ಎಂದು ಹೆಸರಿಟ್ಟದ್ದು ಪ್ರೀತಿಗೋ ಕೀಟಲೆಗೋ, ಅಂತೂ ಆ ಹೆಸರು ಅವಳಿಗೆ ಅಳತೆ ತೆಗೆದು ಹೊಲಿದ ಹಾಗೆ ಕೂತಿತ್ತು. ಹಳೆಯ ಕಟ್ಟಡವೊಂದರ ಮೆಟ್ಟಿಲ ಕೆಳಗಿನ ಸಂದಿಯಲ್ಲಿ ಅವಳ ಇಸ್ತ್ರಿ ಅಂಗಡಿ. ನೆಟ್ಟಗೆ ನಿಂತರೆ ತಲೆ ತಾಗುತ್ತದೆ, ಬಗ್ಗಿದರೆ ಬೆನ್ನು ಹಿಡಿಯುತ್ತದೆ, ಅಂಥ ಜಾಗ. ಡಾಕ್ಟರುಗಳ ಬಿಳಿ ಕೋಟು, ಲಾಡ್ಜಿನ ಬೆಡ್‌ಶೀಟು, ಶಾಲೆಯ ಯೂನಿಫಾರಂ, ಯಾವುದೇ ಬರಲಿ, ಗಂಜಿ ಹಾಕಿ ಇಸ್ತ್ರಿಪೆಟ್ಟಿಗೆ ಎಳೆದಳೆಂದರೆ ಬಟ್ಟೆ ಗರಿಗರಿ. ಅವಳೂ ಹಾಗೇ. ಕತ್ತು ನೆಟ್ಟಗೆ, ಮಾತು ನೆಟ್ಟಗೆ, ಯಾರೆದುರೂ ಕೈ ಚಾಚದ ಬಿಗುಮಾನ. "ಈವಮ್ಮ ಗಂಜೀನ ಬಟ್ಟೆಗೆ ಹಾಕ್ತಾಳೋ ತಾನೇ ಕುಡೀತಾಳೋ" ಎಂದು ಎದುರಿನ ಸೈಕಲ್ ಅಂಗಡಿಯವನು ನಗುತ್ತಿದ್ದ.

ಸುಕ್ಕು ಕಂಡರೆ ಅವಳಿಗೆ ಆಗದು. ಮನೆ ಎಂದರೆ ಒಂದು ಕೋಣೆ, ಅದರ ಹಿಂದೆ ಅಡುಗೆಗೂ ಸ್ನಾನಕ್ಕೂ ಸೇರಿ ಒಂದು ಮೂಲೆ. ಆದರೆ ಆ ಕೋಣೆಯ ಹಾಸಿಗೆಯ ಮೇಲೆ ಒಂದು ಮಡಿಕೆ ಇರುವ ಹಾಗಿಲ್ಲ. ಒಲೆಯ ಮೇಲೆ ಏನೂ ಇರದ ದಿನವೂ ಗಂಡ, ಮಗಳು, ತಾನು, ಮೂರೂ ಜನರ ಮೈಮೇಲೆ ಇಸ್ತ್ರಿ ಬಟ್ಟೆ. ಕಾಲೇಜಿಗೆ ಹೋಗುವ ಮಗಳು ಒಮ್ಮೆ, "ಹೊಟ್ಟೆಗೆ ಹಿಟ್ಟಿಲ್ಲದಿದ್ರೂ ಜುಟ್ಟಿಗೆ ಮಲ್ಲಿಗೆ ಹೂವು ಅಂತಾರಲ್ಲ, ಅದು ನಿನ್ನ ನೋಡೇ ಮಾಡಿರ್ಬೇಕಮ್ಮ" ಎಂದಿದ್ದಳು. ಗಂಜಿಯಕ್ಕ ಕೈಯಲ್ಲಿದ್ದ ಕೆಲಸ ನಿಲ್ಲಿಸಲಿಲ್ಲ. "ಹಿಟ್ಟಿಲ್ಲ ಅನ್ನೋದು ಹೊಟ್ಟೆಗೆ ಗೊತ್ತಿದ್ರೆ ಸಾಕು, ಊರಿಗ್ಯಾಕೆ ಗೊತ್ತಾಗ್ಬೇಕು?" ಎಂದಳು.

ಅವಳ ಗಂಡ ಬಸ್ ಸ್ಟ್ಯಾಂಡ್ ಪಕ್ಕದ ಹೋಟೆಲಿನಲ್ಲಿ ಸಪ್ಲೈಯರ್ ಆಗಿದ್ದವನು. ಒಂದೇ ಕೈಯಲ್ಲಿ ಆರು ಲೋಟ ಹಿಡಿದು, ಜನ ಕಿಕ್ಕಿರಿದ ಟೇಬಲ್‌ಗಳ ನಡುವೆ ಹಾವು ಹರಿದಂತೆ ಹೋಗಿ, ಒಂದು ಹನಿ ಚೆಲ್ಲದೆ ಇಡುತ್ತಿದ್ದ. ಅದಕ್ಕೇ ಅವನಿಗೆ ಆರುಲೋಟ ಎಂಬ ಹೆಸರು. ಯಾವ ಗಿರಾಕಿಗೆ ಸಕ್ಕರೆ ಕಡಿಮೆ, ಯಾರಿಗೆ ಸ್ಟ್ರಾಂಗ್, ಯಾರು ಕಾಸು ಕೊಡದೆ ಜಾರಿಕೊಳ್ಳುವವರು, ಎಲ್ಲ ಬಾಯಿಪಾಠ. ಅಂಥವನು ಕೂದಲು ಪೂರ್ತಿ ಹಣ್ಣಾಗುವ ಮೊದಲೇ ಮರೆಯತೊಡಗಿದ. ಒಂದನೇ ಟೇಬಲಿನದು ಏಳನೇ ಟೇಬಲಿಗೆ ಹೋಯಿತು. ಗಿರಾಕಿಗಳು ಬೈದರು, ಮಾಲೀಕ ಬೈದ. ಕೊನೆಗೊಂದು ಸಂಜೆ ತನ್ನ ಮನೆಯ ಬಾಗಿಲು ದಾಟಿ ಬೀದಿಯ ಕೊನೆವರೆಗೂ ನಡೆದುಹೋಗಿ ಅಲ್ಲಿ ನಿಂತು ಅಳುತ್ತಿದ್ದವನನ್ನು ಮಗಳು ಕೈ ಹಿಡಿದು ಕರೆತಂದಳು. ಸರ್ಕಾರಿ ಆಸ್ಪತ್ರೆಯ ಡಾಕ್ಟರು ತಲೆಯ ಫೋಟೋ ನೋಡಿ, "ಇದಕ್ಕೆ ವಾಸಿಯಾಗೋ ಔಷಧಿ ಇಲ್ಲಮ್ಮ, ನೋಡ್ಕೊಳ್ಳೋದೇ ಔಷಧಿ" ಎಂದರು. ಯಾರು ನೋಡಿಕೊಳ್ಳಬೇಕು ಎಂಬುದನ್ನು ಚೀಟಿಯಲ್ಲಿ ಬರೆಯಲಿಲ್ಲ.

ಸರ್ಕಾರವನ್ನು ಬೈಯುವುದಕ್ಕೆ ನಮಗೆ ಯಾರೂ ಹೇಳಿಕೊಡಬೇಕಿಲ್ಲ. ಆದರೆ ಇದ್ದದ್ದನ್ನು ಇದ್ದಹಾಗೆ ಹೇಳಬೇಕು: ಆ ಮನೆಯನ್ನು ಆಗ ಎತ್ತಿ ಹಿಡಿದದ್ದು ಸರ್ಕಾರವೇ. ಇಂಥ ರೋಗಿಗಳಿಗಾಗಿ ಅದು ಒಂದು ಹಗಲು ಆರೈಕೆ ಕೇಂದ್ರ ತೆರೆದಿತ್ತು. ಬೆಳಿಗ್ಗೆ ನೀಲಿ ವ್ಯಾನು ಬಾಗಿಲಿಗೇ ಬಂದು ಕರೆದುಕೊಂಡು ಹೋಗುವುದು, ಸಂಜೆ ತಂದು ಬಿಡುವುದು. ಅಲ್ಲಿ ಊಟ ಕೊಡುತ್ತಿದ್ದರು, ಅಂಗಳದಲ್ಲಿ ನಡೆಸುತ್ತಿದ್ದರು, ಒದ್ದೆಯಾದರೆ ಮುಖ ಸಿಂಡರಿಸದೆ ಬಟ್ಟೆ ಬದಲಿಸುತ್ತಿದ್ದರು. ಆರುಲೋಟ ಅಲ್ಲಿ ಎಲ್ಲರಿಗೂ ನೀರು ಕೊಡುವ ಕೆಲಸವನ್ನು ತಾನೇ ವಹಿಸಿಕೊಂಡಿದ್ದನಂತೆ. ಸಂಜೆ ದಣಿದು ಬಂದವನು ಉಂಡು ಮಲಗಿದರೆ ಬೆಳಿಗ್ಗೆಯೇ ಏಳುವುದು. ಗಂಜಿಯಕ್ಕ ಅಂಗಡಿಗೆ ಹೋದಳು, ಮಗಳು ಕಾಲೇಜಿಗೆ ಹೋದಳು, ಮನೆಯಲ್ಲಿ ಮತ್ತೆ ನಗು ಕೇಳಿಸಿತು. ವ್ಯಾನಿನ ಒಂದು ಸೀಟಿನ ಮೇಲೆ ಮೂರು ಜನ ಕೂತಿದ್ದರು ಎಂದರೂ ತಪ್ಪಿಲ್ಲ.

ದೇವರು ವರ ಕೊಟ್ಟರೂ ಪೂಜಾರಿ ಕೊಡ ಎನ್ನುತ್ತಾರೆ. ಇಲ್ಲಿ ಕೊಟ್ಟ ವರವನ್ನು ದೇವರೇ ಲೆಕ್ಕ ಹಾಕಲು ಕೂತ. ಕೇಂದ್ರದಲ್ಲಿ ಜಾಗ ಕಡಿಮೆ, ಕಾಯುವವರು ಹೆಚ್ಚು. ಹಾಗಾಗಿ ಹೊಸ ನಿಯಮ ಬಂತು. ತಮ್ಮ ಕೆಲಸ ತಾವು ಮಾಡಿಕೊಳ್ಳಬಲ್ಲವರು ಮನೆಯಲ್ಲೇ ಇರಲಿ, ಕೈಲಾಗದವರಿಗೆ ಮಾತ್ರ ಸೀಟು. ಕೈಲಾಗುತ್ತದೋ ಇಲ್ಲವೋ ಎಂದು ನೋಡಲು ಮನೆಮನೆಗೆ ತಪಾಸಣೆ. ಮೇಜಿನ ಮೇಲೆ ಇಟ್ಟು ಓದಿದರೆ ಒಳ್ಳೆಯ ನಿಯಮವೇ, ತಪ್ಪು ಹುಡುಕಲು ಆಗುವುದಿಲ್ಲ. ಅದನ್ನು ಗಂಜಿಯಕ್ಕನ ಮನೆಗೆ ಹೊತ್ತು ತಂದಾಗಲೇ ಅದರ ಬಣ್ಣ ಬಯಲಾದದ್ದು.

"ಅಕ್ಕಾ, ನಾಳೆ ಮೇಡಂ ಬರ್ತಾರಂತೆ" ಎಂದು ವ್ಯಾನಿನ ಡ್ರೈವರ್ ಹೇಳಿಹೋದ. ಮುಗಿಯಿತು. ಮನೆಗೆ ಹೊಸಬರು, ಅದೂ ಸರ್ಕಾರದವರು ಬರುತ್ತಾರೆಂದರೆ ಗಂಜಿಯಕ್ಕ ಏನು ಮಾಡಿಯಾಳು? ಹುಟ್ಟುಗುಣ ಸುಟ್ಟರೂ ಹೋಗದು. ಅಂಗಡಿಗೆ ರಜ ಹಾಕಿ ಗೋಡೆ ಒರೆಸಿದಳು, ನೆಲ ತಿಕ್ಕಿದಳು, ಪರದೆ ಒಗೆದು ಗಂಜಿ ಹಾಕಿ ತೂಗುಬಿಟ್ಟಳು. ಗಂಡನ ಒದ್ದೆ ಹಾಸಿಗೆಯನ್ನು ಸುತ್ತಿ ಪಕ್ಕದ ಮನೆಗೆ ಸಾಗಿಸಿದಳು. ಬೆಳಿಗ್ಗೆ ಅವನಿಗೆ ಸ್ನಾನ ಮಾಡಿಸಿ, ಗಡ್ಡ ಬೋಳಿಸಿ, ತಲೆ ಬಾಚಿ, ಗುಂಡಿ ಒಂದೊಂದಾಗಿ ತಾನೇ ಹಾಕಿ ಬಿಳಿ ಶರಟು ತೊಡಿಸಿದಳು. ಆ ಹೊತ್ತಿಗೆ ಅವನು ಎರಡು ಸಲ ಶರಟು ಬಿಚ್ಚಿದ್ದ, ಒಂದು ಸಲ ಅವಳನ್ನು ಯಾರು ನೀನು ಎಂದು ಕೇಳಿದ್ದ. ಕನ್ನಡಿ ಮುಂದೆ ನಿಲ್ಲಿಸಿದಾಗ ಮಾತ್ರ ಮದುಮಗನ ಹಾಗೆ ಕಾಣುತ್ತಿದ್ದ. ಅವಳಿಗೆ ಹೆಮ್ಮೆಯಾಯಿತು, ಸುಳ್ಳೇಕೆ ಹೇಳಬೇಕು.

ತಪಾಸಣೆಯ ಮೇಡಂ ನಡುವಯಸ್ಸಿನವರು. ಬಿಸಿಲಲ್ಲಿ ಮನೆ ಹುಡುಕಿ ಸುಸ್ತಾಗಿದ್ದರು, ಚಪ್ಪಲಿಯ ಉಂಗುಷ್ಠ ಕಿತ್ತು ಪಿನ್ನು ಹಾಕಿಕೊಂಡಿದ್ದರು. ಕೆಟ್ಟವರಲ್ಲ. ಅವರು ಒಳಗೆ ಕಾಲಿಟ್ಟದ್ದೇ ತಡ, ಮೂಲೆಯಲ್ಲಿ ಕೂತಿದ್ದ ಆರುಲೋಟ ಚಂಗನೆ ಎದ್ದ. ತನ್ನ ಹೆಸರು ಮರೆತವನು, ಮಗಳ ಮುಖ ಮರೆತವನು, ಆದರೆ ಬಾಗಿಲಿಗೆ ಜನ ಬಂದರೆ ಎದ್ದು ನಿಲ್ಲಬೇಕೆಂಬುದನ್ನು ಅವನ ಕಾಲು ಮರೆತಿರಲಿಲ್ಲ. "ಬನ್ನಿ ಮೇಡಂ, ಫ್ಯಾನ್ ಕೆಳಗೆ ಕೂತ್ಕೊಳಿ" ಎಂದ. ಹೆಗಲ ಮೇಲೆ ಟವೆಲ್ ಎಳೆದುಕೊಂಡು ಕುರ್ಚಿ ಒರೆಸಿದ. ಹಿಂದಿನ ಮೂಲೆಗೆ ಹೋಗಿ ಮನೆಯಲ್ಲಿದ್ದ ಲೋಟಗಳಿಗೆಲ್ಲ ನೀರು ತುಂಬಿಸಿ ತಟ್ಟೆಯ ಮೇಲಿಟ್ಟುಕೊಂಡು, ಒಂದು ಹನಿ ಚೆಲ್ಲದೆ ತಂದು ಮೇಡಂ ಮುಂದೆ ಸಾಲಾಗಿ ಇಟ್ಟ.

"ಇವತ್ತು ಯಾವ ವಾರ ಹೇಳ್ತೀರಾ?" ಎಂದು ಮೇಡಂ ಕೇಳಿದರು.

"ನಿಮಗೆ ಯಾವುದು ಬೇಕೋ ಹೇಳಿ ಮೇಡಂ, ಎಲ್ಲಾ ಇದೆ" ಎಂದ.

ಮೇಡಂ ನಕ್ಕುಬಿಟ್ಟರು. ಮಗಳೂ ನಕ್ಕಳು. ತಮಾಷೆಯ ಮನುಷ್ಯ ಎಂದು ಮೇಡಂ ಅಂದುಕೊಂಡರೇ ಹೊರತು, ವಾರ ಎಂದರೇನೆಂದು ಅವನಿಗೆ ತಿಳಿದಿಲ್ಲ ಎಂದು ಅವರಿಗೆ ಹೊಳೆಯಲಿಲ್ಲ. ಆಮೇಲೆ ಪ್ರಶ್ನೆಗಳು ಹೆಂಡತಿಯ ಕಡೆ ತಿರುಗಿದವು. "ಇವರೇ ಬಟ್ಟೆ ಹಾಕ್ಕೊಳ್ತಾರಾ?"

ಅವನು ಅಲ್ಲೇ ಗರಿಗರಿ ಶರಟಿನಲ್ಲಿ ನಿಂತಿದ್ದಾನೆ, ಮುಖದ ಮೇಲೆ ಹಳೆಯ ಕಳೆ ಇದೆ. ಅವನೆದುರೇ ಇಲ್ಲ ಎನ್ನಲು ಗಂಜಿಯಕ್ಕನಿಗೆ ನಾಲಿಗೆ ಏಳಲಿಲ್ಲ. "ಹೂಂ, ಹಾಕ್ಕೊಳ್ತಾರೆ" ಎಂದಳು.

"ಹಾಸಿಗೇಲಿ ಒದ್ದೆ ಮಾಡ್ಕೊಳ್ಳೋದು?"

"ಛೆ ಛೆ. ಅಂಥದ್ದೇನಿಲ್ಲ ಮೇಡಂ."

ಮಗಳು ತಾಯಿಯ ಮುಖ ನೋಡಿದಳು. ತಾಯಿ ಪರದೆಯ ಕಡೆ ನೋಡಿದಳು. ಪರಸ್ಥಳದಿಂದ ಬಂದ ಹೆಂಗಸಿನ ಮುಂದೆ ಗಂಡನ ಮಾನ ಹರಾಜು ಹಾಕುವುದು ಯಾವ ಯೋಜನೆಯಲ್ಲಿ ಬರೆದಿದೆ? ಸತ್ಯ ಹೇಳಿದರೆ ಸೀಟು ಉಳಿಯುತ್ತದೆ ಎಂದು ಅವಳಿಗೆ ತಿಳಿದಿರಲಿಲ್ಲವೆಂದಲ್ಲ. ಆದರೂ ಮನೆಯನ್ನು ಇಷ್ಟು ಚೊಕ್ಕಟವಾಗಿ ಇಟ್ಟವರಿಗೆ ಸರ್ಕಾರ ಖುಷಿಯಿಂದಲೇ ಕೊಟ್ಟೀತು ಎಂಬ ಭ್ರಮೆ ಅವಳದು. ಗರಿಗರಿಯಾಗಿ ಬಂದ ಇಸ್ತ್ರಿ ಬಟ್ಟೆ ನೋಡಿ ಖುಷಿಪಡುವ ಗಿರಾಕಿಗಳನ್ನಷ್ಟೇ ಅವಳು ಕಂಡದ್ದು. ಮೇಡಂ ಹೊರಡುವಾಗ, "ತುಂಬಾ ಚೆನ್ನಾಗಿ ನೋಡ್ಕೊಂಡಿದ್ದೀರಮ್ಮ" ಎಂದರು. ಗಂಜಿಯಕ್ಕ ಅದನ್ನು ಪಾಸಾದ ಹಾಗೆ ಕೇಳಿಸಿಕೊಂಡಳು.

ಮುಂದಿನ ತಿಂಗಳ ಮೊದಲ ದಿನ ವ್ಯಾನು ಬರಲಿಲ್ಲ. ಬಂದದ್ದು ಡ್ರೈವರ್ ಒಬ್ಬನೇ, ಸೈಕಲ್ಲಿನಲ್ಲಿ. "ಅಣ್ಣನ ಹೆಸರು ಹೊಡೆದು ಹಾಕಿದ್ದಾರಕ್ಕಾ. ಸ್ವಂತ ಕೆಲಸ ಮಾಡ್ಕೊಳ್ಳೋ ಶಕ್ತಿ ಇದೆ ಅಂತ ಬರೆದಿದ್ದಾರೆ" ಎಂದು ನೆಲ ನೋಡುತ್ತಾ ಹೇಳಿದ. ಶರಟು ತೊಟ್ಟು ಬಾಗಿಲಲ್ಲಿ ಕೂತಿದ್ದ ಆರುಲೋಟ ಮಧ್ಯಾಹ್ನದವರೆಗೂ ಅಲ್ಲೇ ಕೂತಿದ್ದ.

ಆಮೇಲಿನ ದಿನಗಳನ್ನು ಹೇಗೆ ಹೇಳುವುದು? ಮೊದಲು ಅವನನ್ನು ಅಂಗಡಿಗೇ ಕರೆತಂದಳು. ಮೆಟ್ಟಿಲ ಕೆಳಗೆ ಒಬ್ಬಳಿಗೇ ಜಾಗವಿಲ್ಲ, ಅಲ್ಲಿ ಇಬ್ಬರು. ಅವನು ಇಸ್ತ್ರಿ ಮಾಡಿಟ್ಟ ಗಂಟುಗಳನ್ನು ಎತ್ತಿಕೊಂಡು ದಾರಿಯಲ್ಲಿ ಹೋಗುವವರ ಕೈಗೆ, "ನಿಮ್ಮ ಆರ್ಡರ್ ಸಾರ್" ಎಂದು ಕೊಟ್ಟುಬಿಡುತ್ತಿದ್ದ. ಕೆಲವರು ವಾಪಸು ತಂದುಕೊಟ್ಟರು, ಕೆಲವರು ದೇವರೇ ಕೊಟ್ಟ ಎಂದು ಒಯ್ದರು. ಲಾಡ್ಜಿನವರ ಬೆಡ್‌ಶೀಟು ಹೋಯಿತು, ಲಾಡ್ಜಿನ ಕೆಲಸವೂ ಹೋಯಿತು. ಒಂದು ದಿನ ಬಿಸಿ ಇಸ್ತ್ರಿಪೆಟ್ಟಿಗೆಯನ್ನೇ ತಟ್ಟೆ ಎಂದುಕೊಂಡು ಅಂಗೈಯಲ್ಲಿ ಹೊತ್ತ. ಅವನು ಕೂಗಿಕೊಳ್ಳಲಿಲ್ಲ, ಅದೇ ಅವಳಿಗೆ ಹೆದರಿಕೆ ತಂದದ್ದು. ಬಿಸಿ ತಟ್ಟೆ ಕೈಬಿಡಬಾರದೆಂದು ಕಲಿತ ಕೈ ಅದು. ಚರ್ಮದ ವಾಸನೆ ಮೂಗಿಗೆ ಬಡಿದ ಮೇಲೆ ಅವಳೇ ತಿರುಗಿ ನೋಡಿ ಕಿತ್ತುಕೊಂಡಳು.

ಅಲ್ಲಿಂದ ಮುಂದೆ ಮಗಳು ಮನೆಯಲ್ಲಿ ಉಳಿದಳು. ಒಂದು ದಿನ, ಎರಡು ದಿನ ಎನ್ನುತ್ತಾ ಅದೇ ರೂಢಿಯಾಯಿತು. ಹಾಜರಿ ಇಲ್ಲದೆ ಪರೀಕ್ಷೆಗೆ ಕೂರಿಸುವುದಿಲ್ಲ ಎಂದು ಕಾಲೇಜಿನವರು ಹೇಳಿ ಕಳಿಸಿದರು. ವಯಸ್ಸಿಗೆ ಬಂದ ಮಗಳು ಅಪ್ಪನ ಒದ್ದೆ ಬಟ್ಟೆ ಬದಲಿಸಬೇಕು. ಅವನೋ ಯಾರೋ ಹುಡುಗಿ ತನ್ನ ಬಟ್ಟೆ ಬಿಚ್ಚುತ್ತಿದ್ದಾಳೆಂದು ನಾಚಿ ಹೊಡೆಯಲು ಬರುತ್ತಿದ್ದ. ಅಮ್ಮ ಮನೆಗೆ ಬಂದರೆ ಮಗಳು ಮಾತಾಡುತ್ತಿರಲಿಲ್ಲ. ಒಂದು ಸಂಜೆ ಮಾತ್ರ ಆಡಿದಳು. "ನಿನ್ನ ಇಸ್ತ್ರಿ ಉಳೀತಮ್ಮ, ನನ್ನ ಓದು ಹೋಯ್ತು. ಒದ್ದೆ ಮಾಡ್ಕೊಳ್ತಾರೆ ಅಂತ ಒಂದು ಮಾತು ಹೇಳಿದ್ರೆ ನಿನ್ನ ಗಂಟೇನು ಹೋಗ್ತಿತ್ತು?"

ಅವತ್ತೇ ಗಂಜಿಯಕ್ಕ ಗಂಡನಿಗೆ ಹೊಡೆದಳು. ಅವನು ಮಾಡಿದ ತಪ್ಪೇನೂ ಇರಲಿಲ್ಲ, ಅನ್ನದ ತಟ್ಟೆಯನ್ನು ಮತ್ತೆ ಮತ್ತೆ ಪಕ್ಕದ ಮನೆಗೆ ಒಯ್ಯುತ್ತಿದ್ದ ಅಷ್ಟೆ. ಹೊಡೆದ ಮೇಲೆ ಗೋಡೆಗೊರಗಿ ಕೂತು ಬಿಕ್ಕಿ ಬಿಕ್ಕಿ ಅತ್ತಳು. ಅವನು ಬಂದು, "ನೀರು ಕೊಡ್ಲಾ ಮೇಡಂ?" ಎಂದ.

ವ್ಯಾನಿನ ಡ್ರೈವರ್ ಒಳ್ಳೆಯವನು. ನಡುನಡುವೆ ಬಂದು ನೋಡಿ ಹೋಗುತ್ತಿದ್ದ. ಮರುಪರಿಶೀಲನೆಗೆ ಅರ್ಜಿ ಕೊಡಬಹುದು ಎಂದು ಹೇಳಿ, ಕೊಡಿಸಿದವನೂ ಅವನೇ. ಆಮೇಲೆ ಬಾಗಿಲ ಹೊರಗೆ ಅವಳನ್ನು ಕರೆದು ದನಿ ತಗ್ಗಿಸಿದ. "ಅಕ್ಕಾ, ಬೇಜಾರ್ ಮಾಡ್ಕೋಬೇಡಿ. ಮೇಡಂ ಕಣ್ಣಿಗೆ ಏನು ಕಾಣ್ಸುತ್ತೋ ಅದನ್ನೇ ಬರೀಬೇಕು, ನಿಯಮಾನೇ ಹಾಗಿದೆ. ಈ ಸಲ ಅಣ್ಣಂಗೆ ಏನೂ ಮಾಡ್ಬೇಡಿ. ಸ್ನಾನ ಬೇಡ, ಗಡ್ಡ ಬೇಡ. ಬಟ್ಟೆ ಒದ್ದೆಯಾದ್ರೂ ಬದಲಾಯಿಸ್ಬೇಡಿ. ಹೇಗಿರ್ತಾರೋ ಹಾಗೇ ಬಿಟ್ಬಿಡಿ. ಬೇರೆ ಮನೆಯವ್ರೆಲ್ಲ ಹಾಗೇ ಮಾಡಿದ್ದು."

"ಹೇಗಿರ್ತಾರೋ ಹಾಗೆ ನಾನು ಅವರನ್ನ ಯಾವತ್ತೂ ಬಿಟ್ಟಿಲ್ಲಪ್ಪ" ಎಂದಳು ಗಂಜಿಯಕ್ಕ.

"ಅದಕ್ಕೇ ಸೀಟು ಹೋಗಿದ್ದು ಅಕ್ಕಾ."

ಅತ್ತ ದರಿ ಇತ್ತ ಪುಲಿ ಎನ್ನುವುದು ಇದಕ್ಕೇ. ಒಂದು ಕಡೆ ಮಗಳ ಬಾಳು, ಇನ್ನೊಂದು ಕಡೆ ಗಂಡನ ಮಾನ. ಮಗಳಿಗೆ ಇನ್ನೂ ಬಾಳುವುದಿದೆ ಎಂದು ಅವಳು ನಿರ್ಧಾರ ಮಾಡಿದಳು. ತಪಾಸಣೆಗೆ ಮೂರು ದಿನ ಇರುವಾಗ ಅವನ ಗಡ್ಡ ಬೋಳಿಸುವುದನ್ನು ಬಿಟ್ಟಳು. ಸ್ನಾನ ಬಿಟ್ಟಳು. ಇಸ್ತ್ರಿ ಪೆಟ್ಟಿಗೆ ಬಿಸಿಯಾಗಿದ್ದರೂ ಅವನ ಶರಟು ಮುಟ್ಟಲಿಲ್ಲ. ಅವನು ಮೈಮೇಲೆ ಸಾರು ಚೆಲ್ಲಿಕೊಂಡ, ಒರೆಸಲು ಹೋದ ಕೈಯನ್ನು ಅವಳು ಹಿಂದಕ್ಕೆಳೆದುಕೊಂಡಳು. ಕೋಣೆಯಲ್ಲಿ ವಾಸನೆ ತುಂಬಿತು. ಅವನಿಗೂ ಏನೋ ಗೊತ್ತಾಗುತ್ತಿತ್ತು, ಶರಟಿನ ತುದಿ ಹಿಡಿದು ಅವಳ ಹತ್ತಿರ ಬಂದು ನಿಲ್ಲುತ್ತಿದ್ದ. "ಇದು... ಇದು" ಎನ್ನುತ್ತಿದ್ದ. ಅವಳು ಮುಖ ತಿರುಗಿಸುತ್ತಿದ್ದಳು.

"ಸಾಕಮ್ಮ. ನಾನು ಕಾಲೇಜಿಗೆ ಹೋಗಲ್ಲ, ಬಟ್ಟೆ ಬದಲಾಯಿಸೋಣ" ಎಂದು ಮಗಳು ಅತ್ತಳು.

"ಬಾಯ್ಮುಚ್ಚು" ಎಂದಳು ಗಂಜಿಯಕ್ಕ. ಅಷ್ಟು ಗಟ್ಟಿಯಾಗಿ ಅವಳು ಮಗಳ ಮೇಲೆ ಎಂದೂ ರೇಗಿದವಳಲ್ಲ.

ಅದೇ ಮೇಡಂ ಬಂದರು. ಬಾಗಿಲಲ್ಲೇ ಮೂಗಿಗೆ ಕರ್ಚೀಫು ಹಿಡಿದರು, ಆಮೇಲೆ ನಾಚಿಕೊಂಡು ತೆಗೆದರು. ಮೂಲೆಯಲ್ಲಿದ್ದ ಆರುಲೋಟ ಎದ್ದ. "ಬನ್ನಿ ಮೇಡಂ" ಎಂದು ಎರಡು ಹೆಜ್ಜೆ ಮುಂದೆ ಬಂದು, ಟವೆಲಿಗಾಗಿ ಹೆಗಲು ತಡವಿದ. ಅಲ್ಲಿ ಟವೆಲ್ ಇರಲಿಲ್ಲ. ಆಗ ತಲೆ ತಗ್ಗಿಸಿ ತನ್ನನ್ನು ತಾನು ನೋಡಿಕೊಂಡ. ಎದೆಯ ಮೇಲಿನ ಕಲೆ, ಒದ್ದೆಯಾಗಿ ತೊಡೆಗಂಟಿದ ಪ್ಯಾಂಟು, ಬರಿಗಾಲು. ಅವನ ಹೋಟೆಲಿನಲ್ಲಿ ಒಂದು ಕಟ್ಟುನಿಟ್ಟು ಇತ್ತು: ಬಟ್ಟೆ ಕೊಳೆಯಾಗಿರುವ ಸಪ್ಲೈಯರ್ ಗಿರಾಕಿಗಳ ಕಣ್ಣಿಗೆ ಬೀಳಬಾರದು, ಅವತ್ತು ಹಿಂದೆ ಹೋಗಿ ಪಾತ್ರೆ ತೊಳೆಯಬೇಕು. ಅಷ್ಟು ವರ್ಷಗಳಲ್ಲಿ ಒಂದು ದಿನವೂ ಹಿಂದೆ ಹೋಗದ ಮನುಷ್ಯ ಅವನು. ಮುಖ ಮುದುಡಿತು. "ತಪ್ಪಾಯ್ತು ಮೇಡಂ, ನೋಡ್ಲಿಲ್ಲ" ಎಂದು ಎರಡೂ ಕೈಯಿಂದ ಎದೆ ಮುಚ್ಚಿಕೊಂಡು, ಹಿಂದೆ ಹಿಂದೆ ಸರಿದು, ಅಡುಗೆ ಮೂಲೆಗೆ ಹೋಗಿ ಗೋಡೆಯ ಕಡೆ ಮುಖ ಮಾಡಿ ನಿಂತ. ಎಷ್ಟು ಕರೆದರೂ ತಿರುಗಲಿಲ್ಲ.

ಮೇಡಂ ಅವನ ಬೆನ್ನನ್ನೇ ನೋಡುತ್ತಾ ಪ್ರಶ್ನೆ ಕೇಳಿದರು. ಈ ಸಲ ಗಂಜಿಯಕ್ಕ ಎಲ್ಲಕ್ಕೂ ಉತ್ತರ ಕೊಟ್ಟಳು. ಬಟ್ಟೆ ಹಾಕ್ಕೊಳಲ್ಲ. ಒದ್ದೆ ಮಾಡ್ಕೊಳ್ತಾರೆ, ಒಂದೂ ಎರಡೂ ಬಟ್ಟೇಲೇ. ನನ್ನ ಗುರುತಿಲ್ಲ. ಮಗಳ ಗುರುತಿಲ್ಲ. ಒಂದೊಂದು ಮಾತಿಗೂ ಅವನ ಹೆಗಲು ಕುಗ್ಗುತ್ತಿತ್ತೋ, ಅವಳಿಗೇ ಹಾಗೆ ಕಂಡಿತೋ. ಬರೆದು ಮುಗಿಸಿ ಮೇಡಂ ಪೆನ್ನು ಚೀಲಕ್ಕೆ ಹಾಕಿದರು. "ಹೋದ ಸಲಾನೇ ನೀವು..." ಎಂದು ಶುರುಮಾಡಿ ನಿಲ್ಲಿಸಿದರು. "ನನಗೆ ಕೇಳಿದ್ದನ್ನ ಬರೆಯೋಕೆ ಜಾಗ ಕೊಟ್ಟಿಲ್ಲಮ್ಮ, ಕಂಡದ್ದನ್ನ ಬರೆಯೋಕೆ ಮಾತ್ರ. ಸೀಟು ಸಿಗುತ್ತೆ, ಹೆದರ್ಬೇಡಿ" ಎಂದರು. ಅವರ ಕಣ್ಣೂ ಒದ್ದೆಯಾಗಿತ್ತು. ಆ ಕಣ್ಣೀರಿಗೂ ವರದಿಯಲ್ಲಿ ಜಾಗ ಇರಲಿಲ್ಲವೆನ್ನಿ.

ಅವರು ಅತ್ತ ಹೋದದ್ದೇ ಗಂಜಿಯಕ್ಕ ನೀರು ಕಾಯಿಸಿದಳು. ಸೋಪು ಹಚ್ಚಿ ತಿಕ್ಕಿ ತಿಕ್ಕಿ ತೊಳೆದಳು, ಗಡ್ಡ ತೆಗೆದಳು, ಅಂಗಡಿಯಿಂದ ಶರಟು ತಂದು ಬಿಸಿಬಿಸಿಯಾಗಿ ತೊಡಿಸಿದಳು. "ನೋಡ್ರಿ, ಎಷ್ಟು ಚೆನ್ನಾಗಿ ಕಾಣ್ತೀರಿ" ಎಂದಳು. ಅವನು ಗೋಡೆಯ ಕಡೆಗೇ ತಿರುಗಿ ನಿಂತ.

ಸೀಟು ಸಿಕ್ಕಿತು. ನೀಲಿ ವ್ಯಾನು ಮತ್ತೆ ಬಾಗಿಲಿಗೆ ಬಂತು, ಮಗಳು ಪುಸ್ತಕ ಹುಡುಕಿ ತೆಗೆದು ಕಾಲೇಜಿಗೆ ಹೊರಟಳು, ಲಾಡ್ಜಿನವರೂ ಹಳೆಯದನ್ನು ಮರೆತು ಗಂಟು ಕಳಿಸಿದರು. ಸರ್ಕಾರದ ಲೆಕ್ಕದಲ್ಲಿ ಒಂದು ಕುಟುಂಬ ಉದ್ಧಾರವಾಯಿತು. ಕೇಂದ್ರದಲ್ಲಿ ಮಾತ್ರ ಅವನು ಈಗ ಯಾರಿಗೂ ನೀರು ಕೊಡುವುದಿಲ್ಲ. ಯಾರಾದರೂ ಒಳಗೆ ಬಂದರೆ ಎದ್ದು ಹೋಗಿ ಪಾತ್ರೆ ತೊಳೆಯುವ ತೊಟ್ಟಿಯ ಹತ್ತಿರ ಗೋಡೆಗೆ ಮುಖ ಮಾಡಿ ನಿಲ್ಲುತ್ತಾನೆ. ಹೀಗೆಂದು ಹೇಳಿದ ಡ್ರೈವರ್ ಅವಳ ಮುಖ ನೋಡಲಿಲ್ಲ.

ಬೆಳಿಗ್ಗೆ ಅವನಿಗೆ ಗುಂಡಿ ಹಾಕುವಾಗ ಒಮ್ಮೆ ಅವನು ಅವಳ ಕೈ ಹಿಡಿದುಕೊಂಡ. ಹೆಂಡತಿಯೆಂದು ಗುರುತು ಹತ್ತಿತೇನೋ ಎಂದು ಅವಳು ಗುಂಡಿ ಬಿಟ್ಟು ಅವನ ಮುಖ ನೋಡಿದಳು. ಅವನು ಅತ್ತಿತ್ತ ನೋಡಿ, ಗುಟ್ಟು ಹೇಳುವವನ ಹಾಗೆ ಬಗ್ಗಿದ.

"ಓನರ್‌ಗೆ ಒಂದ್ಮಾತು ಹೇಳ್ತೀರಾ? ಇನ್ಮೇಲೆ ನೀಟಾಗಿ ಬರ್ತೀನಿ. ನನ್ನ ಮತ್ತೆ ಮುಂದಕ್ಕೆ ಹಾಕ್ಲಿ."

"ಹೇಳ್ತೀನಿ ರೀ" ಎಂದಳು ಗಂಜಿಯಕ್ಕ.

ಅವನು ತಲೆಯಾಡಿಸಿ ವ್ಯಾನು ಹತ್ತಿದ. ಮಾರನೆಯ ಬೆಳಿಗ್ಗೆಯೂ ಅದನ್ನೇ ಕೇಳಿದ. ಆಮೇಲೆ ದಿನಾ ಕೇಳುತ್ತಾನೆ, ಅವಳೂ ದಿನಾ ಹೇಳ್ತೀನಿ ಎನ್ನುತ್ತಾಳೆ.